ಪಾಲ್ ಫ್ಲೋರಿ

ಪಾಲ್ ಜಾನ್ ಫ್ಲೋರಿ (ಜೂನ್ 19, 1910 – ಸೆಪ್ಟೆಂಬರ್ 9, 1985) ಅವರು ಅಮೆರಿಕದ ರಸಾಯನವಿಜ್ಞಾನಿ. ಪಾಲಿಮರ್‌ಗಳ ಭೌತ ರಸಾಯನವಿಜ್ಞಾನಕ್ಕೆ ನೀಡಿದ ಕೊಡುಗೆಗಾಗಿ 1974ರ ನೊಬೆಲ್ ಪ್ರಶಸ್ತಿಯನ್ನು ಪಡೆದರು. ಉದ್ದನೆಯ ಸರಪಳಿ ಅಣುಗಳು ಯಾವ ತಾಪಮಾನದಲ್ಲಿ ಬೆರೆಯುತ್ತವೆ, ಯಾವಾಗ ಬೇರ್ಪಡುತ್ತವೆ ಎಂಬುದನ್ನು ವಿವರಿಸುವ ಅವರ ಸಿದ್ಧಾಂತವು ತಾಪಕ್ಕೆ ಸ್ಪಂದಿಸುವ ಇಂದಿನ ನ್ಯಾನೊವಸ್ತುಗಳ ಅಧ್ಯಯನಕ್ಕೂ ತಳಹದಿಯಾಗಿದೆ.

ಜೀವನ

ಫ್ಲೋರಿಯವರು ಇಲಿನಾಯ್ ರಾಜ್ಯದ ಸ್ಟರ್ಲಿಂಗ್‌ನಲ್ಲಿ ಜನಿಸಿದರು. ತಂದೆ ಪಾದ್ರಿ ಹಾಗೂ ಶಿಕ್ಷಣತಜ್ಞ. ತಾಯಿ ಶಾಲಾ ಶಿಕ್ಷಕಿಯಾಗಿದ್ದವರು. 1931ರಲ್ಲಿ ಇಂಡಿಯಾನಾದ ಮ್ಯಾಂಚೆಸ್ಟರ್ ಕಾಲೇಜಿನಿಂದ ಪದವಿಯನ್ನೂ 1934ರಲ್ಲಿ ಓಹಾಯೋ ರಾಜ್ಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟನ್ನೂ ಪಡೆದರು. ಅದೇ ವರ್ಷ ಡ್ಯುಪಾಂಟ್ ಸಂಸ್ಥೆಯಲ್ಲಿ, ನೈಲಾನ್‌ನ ಸಂಶೋಧಕ ವಾಲೇಸ್ ಕ್ಯಾರೊಥರ್ಸ್ ಅವರ ತಂಡವನ್ನು ಸೇರಿದರು. 1937ರಲ್ಲಿ ಕ್ಯಾರೊಥರ್ಸ್ ನಿಧನರಾದ ಬಳಿಕ ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ತೆರಳಿದರು. ಮುಂದೆ ತೈಲ ಮತ್ತು ರಬ್ಬರ್ ಉದ್ಯಮಗಳ ಪ್ರಯೋಗಾಲಯಗಳಲ್ಲಿ ದುಡಿದು, 1948ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1957ರಲ್ಲಿ ಪಿಟ್ಸ್‌ಬರ್ಗ್‌ನ ಮೆಲನ್ ಸಂಸ್ಥೆಯನ್ನೂ 1961ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನೂ ಸೇರಿದರು.

ಮಿಶ್ರಣದ ಸಿದ್ಧಾಂತ

ಸಣ್ಣ ಅಣುಗಳ ಎರಡು ದ್ರವಗಳು ಬೆರೆತಾಗ ಅವ್ಯವಸ್ಥೆ, ಅಂದರೆ ಎಂಟ್ರೊಪಿ, ಗಣನೀಯವಾಗಿ ಹೆಚ್ಚುತ್ತದೆ. ಅದೇ ಮಿಶ್ರಣಕ್ಕೆ ಪ್ರೇರಕ. ಘಟಕಗಳು ಸರಪಳಿಯಾಗಿ ಕೂಡಿಕೊಂಡಿದ್ದರೆ ಈ ಲಾಭ ಬಹಳ ಕುಗ್ಗುತ್ತದೆ. ಇದನ್ನು ಲೆಕ್ಕಹಾಕುವ ವಿಧಾನವನ್ನು 1940ರ ದಶಕದ ಆರಂಭದಲ್ಲಿ ಫ್ಲೋರಿ ಮತ್ತು ಮಾರಿಸ್ ಹಗ್ಗಿನ್ಸ್ ಪ್ರತ್ಯೇಕವಾಗಿ ರೂಪಿಸಿದರು. ಘಟಕಗಳ ನಡುವಣ ಒಲವು ಅಥವಾ ವಿಮುಖತೆಯನ್ನು ಅದರಲ್ಲಿ ‘ಕೈ’ ಎಂಬ ಸಂಖ್ಯೆಯು ಸೂಚಿಸುತ್ತದೆ. ಬಹುತೇಕ ಪಾಲಿಮರ್ ಜೋಡಿಗಳು ಏಕೆ ಬೆರೆಯುವುದಿಲ್ಲ ಎಂಬುದಕ್ಕೆ ಈ ಸಿದ್ಧಾಂತ ಉತ್ತರ ನೀಡಿತು: ಸರಪಳಿಗಳು ಉದ್ದವಾಗಿರುವಾಗ ಅತ್ಯಲ್ಪ ವಿಮುಖತೆಯೂ ಅವುಗಳನ್ನು ಬೇರ್ಪಡಿಸಬಲ್ಲದು.

ಈ ಸರಳ ರೂಪಕ್ಕೆ ಮಿತಿಯೂ ಇತ್ತು. ಕಾಯಿಸಿದಂತೆ ಮಿಶ್ರಣ ಸುಲಭವಾಗುತ್ತದೆ ಎಂದು ಅದು ಸೂಚಿಸುತ್ತಿತ್ತು. ಆದರೆ ಕೆಲವು ದ್ರಾವಣಗಳೂ ಮಿಶ್ರಣಗಳೂ ಕಾಯಿಸಿದಾಗಲೇ ಬೇರ್ಪಡುತ್ತವೆ. ಪಾಲಿಸ್ಟೈರೀನ್ ಮತ್ತು ಪಾಲಿವಿನೈಲ್ ಮೀಥೈಲ್ ಈಥರ್‌ಗಳ ಮಿಶ್ರಣ ಇದಕ್ಕೆ ಪ್ರಸಿದ್ಧ ಉದಾಹರಣೆ. 1960ರ ದಶಕದಲ್ಲಿ ಫ್ಲೋರಿ ತಮ್ಮ ಸಿದ್ಧಾಂತವನ್ನೇ ಪರಿಷ್ಕರಿಸಿ, ಘಟಕಗಳ ಉಷ್ಣ ವಿಸ್ತರಣೆಯಲ್ಲಿನ ವ್ಯತ್ಯಾಸವನ್ನೂ ಪರಿಗಣಿಸಿದರು. ಇದರಿಂದ ಕಾಯಿಸಿದಾಗ ಉಂಟಾಗುವ ಬೇರ್ಪಡೆಗೂ ವಿವರಣೆ ದೊರೆಯಿತು.

ಪ್ರಭಾವ

ಪಾಲಿ ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್ ನೀರಿನಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಬೇರ್ಪಡುತ್ತದೆ. ಅದರ ಜೆಲ್ ಕಣಗಳು ನೀರನ್ನು ಹೊರದೂಡಿ ಕುಗ್ಗುತ್ತವೆ. ಜಲಸ್ನೇಹಿ ಘಟಕಗಳನ್ನು ಸರಪಳಿಯಲ್ಲಿ ಸೇರಿಸಿದರೆ ಈ ತಾಪಮಾನ ಸಾಮಾನ್ಯವಾಗಿ ಏರುತ್ತದೆ, ಜಲವಿರೋಧಿ ಘಟಕಗಳನ್ನು ಸೇರಿಸಿದರೆ ಇಳಿಯುತ್ತದೆ. ದೇಹದ ಉಷ್ಣತೆಗೆ ಸ್ಪಂದಿಸಿ ಔಷಧ ಬಿಡುಗಡೆ ಮಾಡುವ ನ್ಯಾನೊಕಣಗಳ ಸಂಶೋಧನೆಯು ಇಂತಹ ಹೊಂದಾಣಿಕೆಯನ್ನು ಅವಲಂಬಿಸಿದೆ. ಜೆಲ್‌ಗಳ ಉಬ್ಬುವಿಕೆಯನ್ನು ವಿವರಿಸುವ ಫ್ಲೋರಿ–ರೇನರ್ ಸಮೀಕರಣವೂ ಈ ಕ್ಷೇತ್ರದಲ್ಲಿ ಬಳಕೆಯಲ್ಲಿದೆ.

ಕೃತಿ ಮತ್ತು ಗೌರವ

1953ರಲ್ಲಿ ಪ್ರಕಟವಾದ ‘ಪ್ರಿನ್ಸಿಪಲ್ಸ್ ಆಫ್ ಪಾಲಿಮರ್ ಕೆಮಿಸ್ಟ್ರಿ’ ಅವರ ಪ್ರಮುಖ ಗ್ರಂಥ. 1974ರಲ್ಲಿ ನೊಬೆಲ್ ಜೊತೆಗೆ ಪ್ರೀಸ್ಟ್ಲಿ ಪದಕವೂ ಲಭಿಸಿತು. 1975ರಲ್ಲಿ ನಿವೃತ್ತರಾದ ಅವರು, ಸೋವಿಯತ್ ಒಕ್ಕೂಟ ಮತ್ತು ಪೂರ್ವ ಯುರೋಪಿನಲ್ಲಿ ದಮನಕ್ಕೊಳಗಾದ ವಿಜ್ಞಾನಿಗಳ ಮಾನವ ಹಕ್ಕುಗಳಿಗಾಗಿ ಶ್ರಮಿಸಿದರು. ಕ್ಯಾಲಿಫೋರ್ನಿಯಾದ ಬಿಗ್ ಸರ್‌ನಲ್ಲಿ ಹೃದಯಾಘಾತದಿಂದ ನಿಧನರಾದರು.