ಸೊಳ್ಳೆ ಹೊಟ್ಟೆಯೊಳಗಿನ ಕಪ್ಪು ಕಾಳು – ಸರ್ ರೊನಾಲ್ಡ್ ರಾಸ್ ಅವರ ಜೀವನ



ಆಗಸ್ಟ್ 15 ಯಾವ ದಿನ ಅಂತ ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು. ಆದರೆ ಆಗಸ್ಟ್ 20 ಯಾವ ದಿನ ಅಂತ ಕೇಳಿದರೆ ನಮ್ಮಲ್ಲಿ ಬಹಳ ಜನ ತಲೆ ಕೆರೆದುಕೊಳ್ಳುತ್ತೇವೆ. ಅದು ವಿಶ್ವ ಸೊಳ್ಳೆ ದಿನ. ಸೊಳ್ಳೆಗೂ ಒಂದು ದಿನಾನಾ ಅಂತ ನಗಬೇಡಿ. 1897ರ ಆ ದಿನ ನಮ್ಮ ದೇಶದ ಸಿಕಂದರಾಬಾದಿನಲ್ಲಿ ಒಬ್ಬ ಡಾಕ್ಟರು ಮಲೇರಿಯಾ ರೋಗಾಣುವನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು. ಅವರೇ ಸರ್ ರೊನಾಲ್ಡ್ ರಾಸ್. ಅವರು ಮಲೇರಿಯಾಕ್ಕೆ ಯಾವ ಹೊಸ ಔಷಧಿಯನ್ನೂ ಕಂಡುಹಿಡಿಯಲಿಲ್ಲ. ಆದರೂ ಔಷಧಿ ಹುಡುಕುವವರಿಗೆ ದಾರಿ ಮಾಡಿಕೊಟ್ಟರು. ಅದು ಹೇಗೆ ಅಂತ ಈ ಸಂಚಿಕೆಯಲ್ಲಿ ನನಗೆ ತಿಳಿದಷ್ಟು ಬರೆದಿದ್ದೇನೆ.

ಜನನ ಮತ್ತು ಬಾಲ್ಯ

ರೊನಾಲ್ಡ್ ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಮಡಿಲಿನ ಆಲ್ಮೋರಾದಲ್ಲಿ. ತಂದೆ ಸೈನ್ಯದಲ್ಲಿ ದೊಡ್ಡ ಅಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯವರು. ಎಂಟು ವರ್ಷಕ್ಕೇ ಇವರನ್ನು ಓದಲು ಇಂಗ್ಲೆಂಡಿಗೆ ಕಳಿಸಿದರು. ಇವರಿಗೆ ಚಿತ್ರ ಬರೆಯೋದು, ಕವಿತೆ ಕಟ್ಟೋದು, ಸಂಗೀತ ಅಂದರೆ ಪ್ರಾಣ. ಡಾಕ್ಟರಾಗಲು ಮನಸ್ಸೇ ಇರಲಿಲ್ಲ. ಆದರೆ ತಂದೆಯ ಮಾತು ಮೀರಲಾರದೆ ಲಂಡನ್ನಿನಲ್ಲಿ ವೈದ್ಯ ವಿದ್ಯೆ ಓದಿ, 1881ರಲ್ಲಿ ಭಾರತದ ವೈದ್ಯಕೀಯ ಸೇವೆಗೆ ಸೇರಿ ನಮ್ಮ ದೇಶಕ್ಕೆ ಬಂದರು.

ಬೆಂಗಳೂರಿನ ನೀರಿನ ತೊಟ್ಟಿ

1883ರಲ್ಲಿ ರಾಸ್ ಅವರಿಗೆ ಬೆಂಗಳೂರಿನಲ್ಲಿ ಸೈನ್ಯದ ಡಾಕ್ಟರ ಕೆಲಸ ಸಿಕ್ಕಿತು. ಬಂಗಲೆ ಚೆನ್ನಾಗಿತ್ತು, ಹವೆ ತಂಪಾಗಿತ್ತು. ಆದರೆ ಸೊಳ್ಳೆ ಕಾಟ ತಡೆಯಲು ಆಗ್ತಿರಲಿಲ್ಲ. ಒಂದು ದಿನ ನೋಡುತ್ತಾರೆ, ಕಿಟಕಿಯ ಹೊರಗೆ ಒಂದು ತೊಟ್ಟಿ, ಅದರ ನೀರಿನ ತುಂಬಾ ಪುಳು ಪುಳು ಅಂತ ಸೊಳ್ಳೆ ಮರಿಹುಳಗಳು. ತೊಟ್ಟಿ ಬೋರಲು ಹಾಕಿದರು, ಸೊಳ್ಳೆ ಕಡಿಮೆಯಾದವು. ಬೇರೆ ಕಡೆ ನಿಂತ ನೀರನ್ನೂ ಹೀಗೇ ಚೆಲ್ಲಿಸೋಣ ಅಂತ ಮೇಲಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲ. ಅದು ಪ್ರಕೃತಿ ನಿಯಮಕ್ಕೆ ವಿರುದ್ಧ ಅಂದುಬಿಟ್ಟ. ಸೊಳ್ಳೆ ಹುಟ್ಟೋದು ನಿಂತ ನೀರಲ್ಲಿ ಅನ್ನೋ ಪಾಠ ರಾಸ್ ಅವರಿಗೆ ಸಿಕ್ಕಿದ್ದು ಹೀಗೆ, ನಮ್ಮ ಕನ್ನಡ ನಾಡಿನಲ್ಲಿ.

ಆ ಕಾಲದಲ್ಲಿ ಮಲೇರಿಯಾ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಜನ ನಂಬಿದ್ದರು. ಆ ಹೆಸರಿನ ಅರ್ಥವೇ ಇಟಲಿ ಭಾಷೆಯಲ್ಲಿ ಕೆಟ್ಟ ಗಾಳಿ. 1880ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಡಾಕ್ಟರು ರೋಗಿಯ ರಕ್ತದಲ್ಲಿ ರೋಗಾಣು ನೋಡಿದ್ದರು. ಆದರೆ ಅದು ರಕ್ತದೊಳಗೆ ಬಂದದ್ದು ಹೇಗೆ? 1894ರಲ್ಲಿ ರಾಸ್ ರಜೆಯ ಮೇಲೆ ಲಂಡನ್ನಿಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ಆ ರೋಗಾಣು ತೋರಿಸಿ, ಇದಕ್ಕೆ ಸೊಳ್ಳೆಯೇ ಕಾರಣ ಇರಬಹುದು ಎಂಬ ತಮ್ಮ ಊಹೆ ಹೇಳಿದರು. ಅಲ್ಲಿಂದ ರಾಸ್ ಅವರಿಗೆ ಅದೇ ಧ್ಯಾನ.

1895ರಲ್ಲಿ ಭಾರತಕ್ಕೆ ವಾಪಸ್ ಬಂದು ಸಿಕಂದರಾಬಾದಿನಲ್ಲಿ ಕೆಲಸ ಶುರು ಮಾಡಿದರು. ಅಷ್ಟರಲ್ಲಿ ಬೆಂಗಳೂರಲ್ಲಿ ಕಾಲರಾ ಬಂತು. ಅದನ್ನು ತಡೆಯಲು ಇವರನ್ನು ಮತ್ತೆ ಬೆಂಗಳೂರಿಗೆ ಕಳಿಸಿದರು. ಹಗಲೆಲ್ಲಾ ಬಾವಿ, ಚರಂಡಿ ಶುದ್ಧ ಮಾಡಿಸುವ ಕೆಲಸ. ಬಿಡುವು ಸಿಕ್ಕಾಗ ಸೊಳ್ಳೆ ಕೊಯ್ದು ನೋಡುವ ಕೆಲಸ. ಎರಡು ವರ್ಷ ಹೀಗೇ ಕಳೆಯಿತು, ಏನೂ ಸಿಗಲಿಲ್ಲ. ಯಾಕಂದ್ರೆ ಅವರು ನೋಡುತ್ತಿದ್ದದ್ದು ಮಲೇರಿಯಾ ಹರಡದ ಜಾತಿಯ ಸೊಳ್ಳೆಗಳನ್ನು! 1897ರಲ್ಲಿ ಊಟಿ ಕಡೆ ಹೋದಾಗ ಅವರಿಗೇ ಮಲೇರಿಯಾ ಹಿಡಿಯಿತು. ಆದರೂ ಬಿಡಲಿಲ್ಲ.

ಆಗಸ್ಟ್ 20

ಅದೇ ವರ್ಷ ಮತ್ತೆ ಸಿಕಂದರಾಬಾದ್. ಬೇಸಿಗೆಯ ಸೆಕೆ ಇನ್ನೂ ಆರಿರಲಿಲ್ಲ. ಪಂಖ ಹಾಕಿದರೆ ಸೊಳ್ಳೆ ಹಾರಿ ಹೋಗುತ್ತವೆ ಅಂತ ಅದನ್ನೂ ಹಾಕಿಸಿಕೊಳ್ಳಲಿಲ್ಲ. ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದಿದ್ದವು. ಆಗ ಅವರಿಗೆ ರೆಕ್ಕೆಯ ಮೇಲೆ ಚುಕ್ಕೆಗಳಿರುವ ಬೇರೆ ಜಾತಿಯ ಸೊಳ್ಳೆ ಸಿಕ್ಕಿತು. ಅದನ್ನೇ ನಾವು ಪಾಠದಲ್ಲಿ ಅನಾಫಿಲಿಸ್ ಅಂತ ಓದುತ್ತೇವೆ. ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿ ಒಂದು ಸೊಳ್ಳೆಗೆ ಒಂದು ಆಣೆಯಂತೆ ಪಡೆದು ಅವುಗಳಿಂದ ಕಚ್ಚಿಸಿಕೊಳ್ಳಲು ಒಪ್ಪಿದ. ನಾಲ್ಕು ದಿನ ಬಿಟ್ಟು, ಉಳಿದ ಸೊಳ್ಳೆಯ ಹೊಟ್ಟೆ ಬಿಡಿಸಿ ನೋಡಿದಾಗ ಅಲ್ಲಿ ಗುಂಡನೆಯ ಕಣಗಳು. ಅವುಗಳೊಳಗೆ ಸಣ್ಣ ಸಣ್ಣ ಕಪ್ಪು ಕಾಳು. ಮಲೇರಿಯಾ ರೋಗಿಯ ರಕ್ತದಲ್ಲಿ ಕಾಣುವ ಕಾಳು ಅದೇ! ಇಷ್ಟು ವರ್ಷದ ಗುಟ್ಟು ಅಂದು ರಟ್ಟಾಯಿತು. ರಾಸ್ ಅವರ ಹೆಸರು ಪುಸ್ತಕದಲ್ಲಿ ಬಂತು. ದುಡ್ಡಿಗೆ ಸೊಳ್ಳೆ ಕಚ್ಚಿಸಿಕೊಂಡ ಹುಸೇನ್ ಖಾನನ ಹೆಸರು ನಮ್ಮ ಪುಸ್ತಕದಲ್ಲಿ ಇಲ್ಲ. ಅದಕ್ಕೇ ಇಲ್ಲಿ ಬರೆದೆ.

ಕಲ್ಕತ್ತೆಯ ಗುಬ್ಬಚ್ಚಿಗಳು

ಇಷ್ಟಾದ ಮೇಲೆ ರಾಸ್ ಅವರನ್ನು ರಜಪುತಾನಕ್ಕೆ ವರ್ಗ ಮಾಡಿದರು. ಮ್ಯಾನ್ಸನ್ ಅವರ ಪ್ರಯತ್ನದಿಂದ 1898ರಲ್ಲಿ ಕಲ್ಕತ್ತೆಯಲ್ಲಿ ಕೆಲಸ ಮಾಡಲು ಅವಕಾಶ ಸಿಕ್ಕಿತು. ಅಲ್ಲಿ ಮಲೇರಿಯಾ ರೋಗಿಗಳು ಸಾಕಷ್ಟು ಸಿಗಲಿಲ್ಲ. ರಾಸ್ ಹಕ್ಕಿಗಳ ಕಡೆ ತಿರುಗಿದರು. ಹಕ್ಕಿಗಳಿಗೂ ಅವುಗಳದೇ ಬೇರೆ ಮಲೇರಿಯಾ ಇದೆ. ಸಹಾಯಕ ಮಹಮ್ಮದ್ ಬಕ್ಸ್ ಜೊತೆ ಸೇರಿ, ರೋಗದ ಹಕ್ಕಿಯನ್ನು ಕಚ್ಚಿದ ಸೊಳ್ಳೆಗಳನ್ನು ಆರೋಗ್ಯದ ಗುಬ್ಬಚ್ಚಿಗಳ ಮೇಲೆ ಬಿಟ್ಟರು. ಗುಬ್ಬಚ್ಚಿಗಳಿಗೆ ರೋಗ ಬಂತು. ರೋಗಾಣು ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿನ ಗ್ರಂಥಿಗೆ ಬಂದು, ಕಚ್ಚುವಾಗ ಒಳಗೆ ಹೋಗುತ್ತದೆ ಅಂತ ಪೂರ್ತಿ ಚಕ್ರ ತಿಳಿಯಿತು. ಅದೇ ವರ್ಷ ಇಟಲಿಯ ಗ್ರಾಸಿ ಮತ್ತು ಸಂಗಡಿಗರು ಮನುಷ್ಯರ ಮಲೇರಿಯಾವೂ ಅನಾಫಿಲಿಸ್ ಸೊಳ್ಳೆಯಿಂದಲೇ ಬರುತ್ತದೆ ಎಂದು ತೋರಿಸಿದರು. ಮೊದಲು ಕಂಡುಹಿಡಿದವರು ಯಾರು ಅಂತ ಇಬ್ಬರಿಗೂ ಬಹಳ ವರ್ಷ ಜಗಳ ನಡೆಯಿತು. ದೊಡ್ಡವರೂ ಜಗಳ ಆಡುತ್ತಾರೆ ನೋಡಿ!

1899ರಲ್ಲಿ ರಾಸ್ ಇಂಗ್ಲೆಂಡಿಗೆ ಹೋಗಿ ಲಿವರ್‌ಪೂಲಿನಲ್ಲಿ ಅಧ್ಯಾಪಕರಾದರು. 1902ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಆಫ್ರಿಕಾ, ಮಾರಿಷಸ್ ಎಲ್ಲಾ ಸುತ್ತಿ, ನಿಂತ ನೀರು ತೆಗೆಯಿರಿ ಅಂತ ಜೀವನವಿಡೀ ಹೇಳಿದರು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಔಷಧಿಗೆ ದಾರಿ ಆದದ್ದು ಹೇಗೆ?

ರಾಸ್ ಅವರ ಕಾಲದಲ್ಲಿ ಮಲೇರಿಯಾಕ್ಕೆ ಇದ್ದ ಮುಖ್ಯ ಮದ್ದು ಕ್ವಿನೈನ್. ಅದು ಸಿಂಕೋನಾ ಮರದ ತೊಗಟೆಯಿಂದ ಬರುತ್ತದೆ. 1820ರಲ್ಲಿ ಫ್ರಾನ್ಸಿನ ಇಬ್ಬರು ಅದನ್ನು ಬೇರ್ಪಡಿಸಿದ್ದರು. ಹೊಸ ಔಷಧಿ ಬೇಕು ಅಂದರೆ ಯಾರ ಮೇಲೆ ಪರೀಕ್ಷೆ ಮಾಡೋದು? ಏನೆಂದು ಗೊತ್ತಿಲ್ಲದ ಪುಡಿಯನ್ನು ರೋಗಿಗೆ ಕೊಡಲು ಆಗುತ್ತದೆಯೇ? ಇಲ್ಲಿ ಹಕ್ಕಿಗಳು ಉಪಯೋಗಕ್ಕೆ ಬಂದವು. 1920ರ ದಶಕದಲ್ಲಿ ಜರ್ಮನಿಯ ವಿಜ್ಞಾನಿಗಳು ಕ್ಯಾನರಿ ಹಕ್ಕಿಗಳಿಗೆ ಮಲೇರಿಯಾ ಹಿಡಿಸಿ, ಒಂದೊಂದೇ ಮದ್ದು ಕೊಟ್ಟು ನೋಡಿ ಪ್ಲಾಸ್ಮೋಕಿನ್ ಎಂಬ ಔಷಧಿ ಮಾಡಿದರು. 1934ರಲ್ಲಿ ಕ್ಲೋರೋಕ್ವಿನ್ ತಯಾರಾಯಿತು. ಎರಡನೇ ಮಹಾಯುದ್ಧದಲ್ಲಿ ಕ್ವಿನೈನ್ ಬರುತ್ತಿದ್ದ ಜಾವಾ ದ್ವೀಪ ಜಪಾನಿನ ವಶವಾದಾಗ, ಅಮೆರಿಕದವರು ಸುಮಾರು 14,000 ರಾಸಾಯನಿಕಗಳನ್ನು ಪರೀಕ್ಷಿಸಿದರು. ಆಗಲೂ ಹೆಚ್ಚಿನವು ಮೊದಲು ಹಕ್ಕಿಗಳ ಮೇಲೆಯೇ.

ಗ್ರಾಮ ಪಂಚಾಯ್ತಿ ಚುನಾವಣೆಗೆ ಉಮೇದುವಾರರು ನಿಲ್ಲುತ್ತಾರಲ್ಲ, ಔಷಧಿಯೂ ಹಂಗೇ. ಸಾವಿರಾರು ಉಮೇದುವಾರ ಮದ್ದುಗಳು ನಿಂತರೆ ಗೆಲ್ಲೋದು ಒಂದೋ ಎರಡೋ. ಗೆಲ್ಲಬೇಕಾದರೆ ರೋಗಾಣುವನ್ನು ಕೊಲ್ಲಬೇಕು, ರೋಗಿಯನ್ನು ಉಳಿಸಬೇಕು.

ಇನ್ನೊಂದು ಸ್ವಾರಸ್ಯ ಕೇಳಿ. ರಾಸ್ ಕಂಡ ಆ ಕಪ್ಪು ಕಾಳು ಏನು ಗೊತ್ತಾ? ರೋಗಾಣು ನಮ್ಮ ರಕ್ತದ ಕೆಂಪು ಪದಾರ್ಥವನ್ನು ತಿನ್ನುತ್ತದೆ. ತಿಂದಾಗ ಅದಕ್ಕೇ ವಿಷವಾಗುವ ಒಂದು ವಸ್ತು ಉಳಿಯುತ್ತದೆ. ಆ ವಿಷವನ್ನು ಗಟ್ಟಿ ಮಾಡಿ ಕಾಳಾಗಿಸಿ ರೋಗಾಣು ಬದುಕಿಕೊಳ್ಳುತ್ತದೆ. ಕ್ಲೋರೋಕ್ವಿನ್ ಆ ಕಾಳು ಕಟ್ಟದಂತೆ ತಡೆಯುತ್ತದೆ. ರೋಗಾಣು ತನ್ನ ವಿಷದಿಂದ ತಾನೇ ಸಾಯುತ್ತದೆ!

ಆದರೆ ರೋಗಾಣು ಬಲು ಜಾಣ. 1950ರ ದಶಕದ ಕೊನೆಗೆ ಬೇರೆ ದೇಶಗಳಲ್ಲಿ, 1973ರಲ್ಲಿ ನಮ್ಮ ಅಸ್ಸಾಮಿನಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಂ ಕಾಣಿಸಿತು. ಮಲೇರಿಯಾದಲ್ಲಿ ಇದೇ ಹೆಚ್ಚು ಘಾತಕ. ಇದು ಹೊಕ್ಕ ರಕ್ತಕಣಗಳು ಸಣ್ಣ ರಕ್ತನಾಳಗಳಲ್ಲಿ ಅಂಟಿಕೊಳ್ಳುತ್ತವೆ, ನಾಲೆಯ ತೂಬಿಗೆ ಕಸ ಕಟ್ಟಿದ ಹಂಗೆ. ಮಿದುಳಿನಲ್ಲಿ ಹೀಗಾದರೆ ಎಚ್ಚರ ತಪ್ಪುತ್ತದೆ. ಮಾತ್ರೆ ನುಂಗಲೂ ಆಗಲ್ಲ, ಇಂಜೆಕ್ಷನ್ನೇ ಬೇಕು. ಚೀನಾದ ವಿಜ್ಞಾನಿ ಟು ಯೂಯೂ ಹಳೇ ವೈದ್ಯ ಗ್ರಂಥ ಓದಿ, 1970ರ ದಶಕದ ಆರಂಭದಲ್ಲಿ ಒಂದು ಗಿಡದಿಂದ ಆರ್ಟಿಮಿಸಿನಿನ್ ತೆಗೆದರು. 2015ರಲ್ಲಿ ಅವರಿಗೂ ನೊಬೆಲ್ ಬಂತು. ಅದರಿಂದ ಮಾಡಿದ ಆರ್ಟಿಸುನೇಟ್ ಇಂಜೆಕ್ಷನ್ನನ್ನು ಭಾರತವೂ ಸೇರಿ ನಾಲ್ಕು ದೇಶಗಳಲ್ಲಿ ತೀವ್ರ ಮಲೇರಿಯಾದ ರೋಗಿಗಳಿಗೆ ಕೊಟ್ಟು ನೋಡಿದರು. 2005ರಲ್ಲಿ ಫಲಿತಾಂಶ ಬಂತು. ಕ್ವಿನೈನ್ ಪಡೆದವರಲ್ಲಿ ನೂರಕ್ಕೆ 22 ಜನ ಸತ್ತರೆ, ಇದನ್ನು ಪಡೆದವರಲ್ಲಿ 15 ಜನ.

ನಮ್ಮ ಬೆಂಗಳೂರಿನಲ್ಲೂ ಹುಡುಕಾಟ ನಡೆದಿದೆ. ಅಲ್ಲಿದ್ದ ಆಸ್ಟ್ರಾಜೆನೆಕಾ ಕಂಪನಿಯ ಸಂಶೋಧನಾ ಕೇಂದ್ರದವರು ಬೇಗ ಕೊಂದು, ಬಹಳ ಹೊತ್ತು ಮೈಯಲ್ಲಿ ನಿಲ್ಲುವ ಒಂದು ಹೊಸ ಉಮೇದುವಾರ ಮದ್ದನ್ನು ಆರಿಸಿ 2015ರಲ್ಲಿ ಪ್ರಕಟಿಸಿದರು. ಅಷ್ಟರಲ್ಲಿ ಆ ಕೇಂದ್ರ ಮುಚ್ಚಿತು. ಆದರೆ ಆ ಮದ್ದನ್ನು ಗುಜರಾತಿನ ಜೈಡಸ್ ಕಂಪನಿ ಮುಂದುವರಿಸಿತು, ಮನುಷ್ಯರ ಮೇಲೂ ಪರೀಕ್ಷೆ ನಡೆಸಿತು. ತೊಟ್ಟಿ ಬೋರಲು ಹಾಕಿದ ಊರಲ್ಲೇ ಮದ್ದಿನ ಹುಡುಕಾಟವೂ ನಡೆಯಿತು ಅಂದರೆ ನಮಗೆ ಹೆಮ್ಮೆ ಅಲ್ಲವೇ?

ನಮ್ಮೂರಿಗೂ ಇದಕ್ಕೂ ಏನು ಸಂಬಂಧ?

ನಮ್ಮೂರು ದಾವಣಗೆರೆಗೂ ಹರಿಹರಕ್ಕೂ ನಡುವೆ. ಭದ್ರಾ ನಾಲೆ ನೀರು, ಭತ್ತದ ಗದ್ದೆ, ಆ ಕಡೆ ತುಂಗಭದ್ರಾ ಹೊಳೆ. ನೀರಿದ್ದಲ್ಲಿ ಅನ್ನ, ಅದು ನಿಂತಲ್ಲಿ ಸೊಳ್ಳೆ. ನಮ್ಮಜ್ಜಿ ಚಿಕ್ಕವಳಿದ್ದಾಗ ಡಿಡಿಟಿ ಹೊಡೆಯೋರು ಬಂದು ಗೋಡೆಗೆಲ್ಲಾ ಬಿಳಿ ಬಿಳಿ ಮಾಡಿ, ಬಾಗಿಲ ಹತ್ರ ತಾರೀಕು ಬರೆದು ಹೋಗ್ತಿದ್ರಂತೆ. ಈಗ ಚಳಿಜ್ವರ ಆಗಿನಷ್ಟು ಇಲ್ಲ. ಅದಕ್ಕೇ ನಾವು ಮರೆತಿದ್ದೇವೆ.

ನಮ್ಮ ಓಣಿಯ ಒಬ್ಬ ಅಣ್ಣ ಮಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದ. ಯುಗಾದಿಗೆ ಬಂದಾಗ ಜ್ವರ. ಮನೆಯಲ್ಲಿದ್ದ ಯಾವುದೋ ಮಾತ್ರೆ ನುಂಗಿ ಮಲಗಿದ. ಮೂರನೇ ರಾತ್ರಿ ಹೆತ್ತ ತಾಯಿಯ ಗುರುತೇ ಸಿಗಲಿಲ್ಲ, ಏನೇನೋ ಬಡಬಡಿಸುತ್ತಿದ್ದ. ರಾತ್ರೋರಾತ್ರಿ ದಾವಣಗೆರೆಗೆ ಕರೆದುಕೊಂಡು ಹೋದರು. ರಕ್ತ ನೋಡಿ ಫಾಲ್ಸಿಪಾರಂ ಅಂದರು, ಆರ್ಟಿಸುನೇಟ್ ಇಂಜೆಕ್ಷನ್ ಕೊಟ್ಟರು. ನಾಲ್ಕನೇ ದಿನ ಎದ್ದು ಕೂತು ಮಂಡಕ್ಕಿ ಕೇಳಿದನಂತೆ! ಇನ್ನೊಂದು ದಿನ ತಡ ಮಾಡಿದ್ದರೆ ಏನಾಗುತ್ತಿತ್ತೋ. ಔಷಧಿ ಹುಡುಕಿದವರ ಶ್ರಮ ಆ ರಾತ್ರಿ ನಮ್ಮ ಓಣಿಯವರೆಗೂ ಬಂದಿತ್ತು.

ನೆನಪಿಡಿ

1. ಚಳಿಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಆಶಾ ಅಕ್ಕನಿಗೆ ಹೇಳಿ. ಬೇರೆ ಊರಿಂದ ಬಂದವರಿಗೆ ಜ್ವರ ಇದ್ದರೆ ಅದನ್ನೂ ತಿಳಿಸಿ.

2. ಕೊಟ್ಟ ಮಾತ್ರೆ ಪೂರ್ತಿ ನುಂಗಿ. ವೈವಾಕ್ಸ್ ಎಂಬ ಮಲೇರಿಯಾಕ್ಕೆ 14 ದಿನದ ಮಾತ್ರೆ ಇದೆ. ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಿದರೆ ರೋಗ ಮತ್ತೆ ಬರಬಹುದು. ಅರ್ಧಂಬರ್ಧ ನುಂಗಿದರೆ ರೋಗಾಣು ಔಷಧಿಗೆ ಬಗ್ಗದಂತಾಗಲೂ ದಾರಿಯಾಗುತ್ತದೆ.

3. ಶಾಲೆಯ ಹಿಂದಿನ ತೊಟ್ಟಿ, ಒಡೆದ ಮಡಕೆ, ಹಳೇ ಟೈರು ವಾರಕ್ಕೊಮ್ಮೆ ಬೋರಲು ಹಾಕೋಣ. ಈ ಶನಿವಾರ ಶ್ರಮದಾನದ ಹೊತ್ತಿಗೆ ನಮ್ಮ ತರಗತಿಯವರು ಶುರು ಮಾಡುತ್ತೇವೆ. ನೀವೂ ಬನ್ನಿ.