1955: ಭಾರತರತ್ನ ಸರ್ ಎಂ. ವಿಶ್ವೇಶ್ವರಯ್ಯ

1955ನೇ ವರ್ಷವು ಸ್ವತಂತ್ರ ಭಾರತದ ಸಾರ್ವಜನಿಕ ಜೀವನದಲ್ಲಿ ಮಹತ್ವದ್ದಾಗಿದೆ. ಜನವರಿಯಲ್ಲಿ ಆವಡಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನವು ಸಮಾಜವಾದಿ ಮಾದರಿಯ ಸಮಾಜ ರಚನೆಯ ನಿರ್ಣಯವನ್ನು ಅಂಗೀಕರಿಸಿತು. ಜುಲೈ 1ರಂದು ಭಾರತೀಯ ಸ್ಟೇಟ್ ಬ್ಯಾಂಕ್ ಅಸ್ತಿತ್ವಕ್ಕೆ ಬಂದಿತು. ಸೆಪ್ಟೆಂಬರ್ ಅಂತ್ಯದಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ತನ್ನ ವರದಿಯನ್ನು ಸಲ್ಲಿಸಿತು. ಇದೇ ವರ್ಷ ಭಾರತರತ್ನ ಪ್ರಶಸ್ತಿಯು ಪಂಡಿತ ಜವಾಹರಲಾಲ್ ನೆಹರೂ, ಕಾಶಿಯ ವಿದ್ವಾಂಸ ಡಾ. ಭಗವಾನ್ ದಾಸ್ ಹಾಗೂ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅವರಿಗೆ ಸಂದಿತು.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ನಂದಿಬೆಟ್ಟದ ತಪ್ಪಲಿಗೆ ಸಮೀಪದ ಮುದ್ದೇನಹಳ್ಳಿಯಲ್ಲಿ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಈ ಗ್ರಾಮ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಜನ್ಮದಿನ ಸೆಪ್ಟೆಂಬರ್ 15 ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಜನ್ಮವರ್ಷ ಮಾತ್ರ ಕೆಲವೆಡೆ 1860 ಎಂದೂ ಕೆಲವೆಡೆ 1861 ಎಂದೂ ದಾಖಲಾಗಿದೆ. ಅಂಚೆ ಇಲಾಖೆಯು ಶತಮಾನೋತ್ಸವದ ಅಂಚೆಚೀಟಿಯನ್ನು ಹೊರತಂದದ್ದು 1960ರಲ್ಲಿ. ಗೌರಿಬಿದನೂರಿನಿಂದ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದವರೆಗೂ ಕೆರೆಗಳನ್ನೇ ನೆಚ್ಚಿಕೊಂಡು ಬಂದ, ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆಯಿದು. ಇಲ್ಲಿ ಹುಟ್ಟಿದವರು ಜೀವಮಾನದ ಬಹುಭಾಗವನ್ನು ನೀರಾವರಿಗೆ ಮುಡಿಪಾಗಿಟ್ಟರು.

ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಶ್ರೀಯುತರು ಚಿಕ್ಕಬಳ್ಳಾಪುರದಲ್ಲಿ ಪ್ರಾಥಮಿಕ ಶಿಕ್ಷಣ ಪಡೆದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ, ಪುಣೆಯಲ್ಲಿ ಎಂಜಿನಿಯರಿಂಗ್ ಶಿಕ್ಷಣ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಖಡಕ್‌ವಾಸ್ಲಾ ಜಲಾಶಯದ ಸ್ವಯಂಚಾಲಿತ ಬಾಗಿಲುಗಳು ಅವರಿಗೆ ಹೆಸರು ತಂದವು. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು.

ಕನ್ನಂಬಾಡಿ ಅಣೆಕಟ್ಟೆಯ ಕಾಮಗಾರಿ 1911ರಲ್ಲಿ ಆರಂಭವಾಯಿತು. ಇಷ್ಟು ದೊಡ್ಡ ವೆಚ್ಚಕ್ಕೆ ಸಂಸ್ಥಾನದ ಹಣಕಾಸು ಅಧಿಕಾರಿಗಳ ಆಕ್ಷೇಪಣೆಯಿತ್ತು. ಮದ್ರಾಸು ಸರ್ಕಾರವೂ ಪೂರ್ಣ ಎತ್ತರಕ್ಕೆ ಒಪ್ಪಲಿಲ್ಲ. ಅನುಮತಿ ದೊರೆತದ್ದು ಕಡಿಮೆ ಎತ್ತರಕ್ಕಾದರೂ ಅಡಿಪಾಯವನ್ನು ಮುಂದಿನ ಪೂರ್ಣ ಎತ್ತರಕ್ಕೆ ತಕ್ಕಂತೆಯೇ ಹಾಕಲಾಯಿತು. ವಿವಾದವು ಒಪ್ಪಂದದಲ್ಲಿ ಮುಗಿದದ್ದು 1924ರಲ್ಲಿ. ಅಂದು ಆ ಅಡಿಪಾಯವನ್ನು ಕಿರಿದಾಗಿ ಹಾಕಿದ್ದರೆ ಮಂಡ್ಯ ಸೀಮೆಯ ನೀರಾವರಿಯ ಕಥೆಯೇ ಬೇರೆಯಾಗುತ್ತಿತ್ತು.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ನೇಮಿಸಿದರು. ಆರು ವರ್ಷಗಳಲ್ಲಿ ಸ್ಥಾಪನೆಯಾದ ಸಂಸ್ಥೆಗಳು ಅನೇಕ. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದವು. ಇವುಗಳಷ್ಟು ಚರ್ಚೆಗೆ ಬಾರದಿದ್ದರೂ 1913ರ ಅಕ್ಟೋಬರ್ 2ರಂದು ಪ್ರಾರಂಭವಾದ ಮೈಸೂರು ಬ್ಯಾಂಕು ವಿಶೇಷವಾಗಿ ಉಲ್ಲೇಖನೀಯ. ಕೈಗಾರಿಕೆಗೆ ಬಂಡವಾಳ ಒದಗದೆ ಯೋಜನೆಗಳು ಕಾಗದದಲ್ಲಿಯೇ ಉಳಿಯುವುವೆಂಬುದನ್ನು ಅವರು ಅರಿತಿದ್ದರು. 1960ರಲ್ಲಿ ಸ್ಟೇಟ್ ಬ್ಯಾಂಕಿನ ಅಂಗಸಂಸ್ಥೆಯಾದ ಈ ಬ್ಯಾಂಕು 2017ರ ಏಪ್ರಿಲ್ 1ರಂದು ಅದರಲ್ಲಿಯೇ ವಿಲೀನಗೊಂಡಿತು.

ಹಿಂದುಳಿದ ವರ್ಗಗಳಿಗೆ ಸರ್ಕಾರಿ ನೌಕರಿಯಲ್ಲಿ ಪ್ರಾತಿನಿಧ್ಯ ನೀಡುವ ಬಗ್ಗೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಅರ್ಹತೆಯೊಂದೇ ಮಾನದಂಡವಾಗಬೇಕೆಂಬುದು ದಿವಾನರ ನಿಲುವು. ಅದೇ ವರ್ಷ ಅವರು ಹುದ್ದೆಯಿಂದ ನಿವೃತ್ತರಾದರು. ಮಹಾರಾಜರ ಕ್ರಮ ಇಂದಿನ ಮೀಸಲಾತಿ ವ್ಯವಸ್ಥೆಗೆ ನಾಂದಿಯಾಯಿತೆಂಬುದನ್ನೂ ಇಲ್ಲಿ ಸ್ಮರಿಸಬೇಕು.

ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಅಗತ್ಯವೆಂದು ಅವರು 1934ರಲ್ಲಿಯೇ ಗ್ರಂಥ ಬರೆದಿದ್ದರು. ದೇಶವು ಎರಡನೇ ಪಂಚವಾರ್ಷಿಕ ಯೋಜನೆಗೆ ಸಿದ್ಧವಾಗುತ್ತಿದ್ದಾಗ ಭಾರತರತ್ನ ಅವರನ್ನು ಅರಸಿ ಬಂದಿತು. ಪ್ರಶಸ್ತಿ ಕೊಟ್ಟ ಮಾತ್ರಕ್ಕೆ ಸರ್ಕಾರವನ್ನು ಹೊಗಳಲಾರೆನೆಂದು ಪ್ರಧಾನಿಯವರಿಗೆ ಮುಂಚಿತವಾಗಿಯೇ ತಿಳಿಸಿದ್ದರೆಂಬ ಪ್ರತೀತಿ ಇದೆ. ಆಗ ಅವರ ವಯಸ್ಸು ತೊಂಬತ್ತನ್ನು ದಾಟಿತ್ತು.

1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಸಮಾಧಿಯು ಮುದ್ದೇನಹಳ್ಳಿಯಲ್ಲಿದ್ದು, ಅವರ ಮನೆಯನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಲಾಗಿದೆ.