ಕಪ್ತಾನ ಥಾಮಸ್ ಕೋರಮ್ ಎಂಬವನ ಚರಿತ್ರೆ

ಮೋಶೆಯ ಬಾಲ್ಯದ ವೃತ್ತಾಂತವನ್ನು ನಾವೆಲ್ಲರೂ ಬಲ್ಲೆವು. ಆ ಒಂದು ಶಿಶುವಿಗೆ ಇಬ್ಬರು ತಾಯಂದಿರಿದ್ದರು. ಹೆತ್ತವಳು ಅವನ ಪ್ರಾಣವುಳಿಯಲೆಂದು ಪೆಟ್ಟಿಗೆಯಲ್ಲಿಟ್ಟು ನದಿಯ ಅಂಚಿನಲ್ಲಿ ಬಿಟ್ಟಳು. ಫರೋಹನ ಕುಮಾರ್ತೆಯು ಅವನನ್ನು ಎತ್ತಿಸಿ ತನ್ನ ಮಗನನ್ನಾಗಿ ಮಾಡಿಕೊಂಡಳು. ಲಂಡನ್ ಪಟ್ಟಣದ ಒಂದು ಅನಾಥಾಲಯದ ಮುದ್ರೆಯಲ್ಲಿ ಈ ವೃತ್ತಾಂತದ ಚಿತ್ರವೇ ಕೆತ್ತಲ್ಪಟ್ಟಿತ್ತು. ಆ ಆಲಯವನ್ನು ಸ್ಥಾಪಿಸಿದವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಥಾಮಸ್ ಕೋರಮನು ಸುಮಾರು ೧೬೬೮ನೆಯ ಇಸವಿಯಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ ಲೈಮ್ ರೀಜಿಸ್ ಎಂಬ ಚಿಕ್ಕ ರೇವುಪಟ್ಟಣದಲ್ಲಿ ಹುಟ್ಟಿದನು. ಅವನು ಎಳೆಯವನಾಗಿರುವಾಗಲೇ ತಾಯಿಯು ತೀರಿಕೊಂಡಳು. ಹನ್ನೆರಡು ವರುಷ ತುಂಬುವ ಮೊದಲೇ ಅವನನ್ನು ಹಡಗಿನ ಕೆಲಸಕ್ಕೆ ಕಳುಹಿಸಿದರು. ತರುವಾಯ ಅವನು ಹಡಗು ಕಟ್ಟುವ ವಿದ್ಯೆಯನ್ನು ಕಲಿತು, ಅಮೇರಿಕದ ಮ್ಯಾಸಚೂಸೆಟ್ಸ್ ಸೀಮೆಗೆ ಹೋಗಿ ಅಲ್ಲಿ ಹಡಗುಗಳನ್ನು ಕಟ್ಟಿಸುತ್ತಿದ್ದನು. ೧೭೦೦ರಲ್ಲಿ ಬಾಸ್ಟನ್ ಪಟ್ಟಣದ ಯೂನಿಸ್ ಎಂಬವಳನ್ನು ಮದುವೆಯಾದನು. ಅವರಿಗೆ ಮಕ್ಕಳಾಗಲಿಲ್ಲ.

೧೭೦೪ರಲ್ಲಿ ಅವನು ಸ್ವದೇಶಕ್ಕೆ ಹಿಂದಿರುಗಿ, ಕೆಲವು ಕಾಲದ ಮೇಲೆ ಲಂಡನಿನ ಸಮೀಪದಲ್ಲಿ ವಾಸಮಾಡಿದನು. ಮುಂಜಾನೆ ಪಟ್ಟಣಕ್ಕೆ ಹೋಗುವಾಗಲೂ ಸಂಜೆ ಮನೆಗೆ ಬರುವಾಗಲೂ ದಾರಿಯ ಮಗ್ಗುಲಲ್ಲಿ ಎಸೆಯಲ್ಪಟ್ಟ ಶಿಶುಗಳನ್ನು ಕಂಡನು. ಕೆಲವು ಸತ್ತಿದ್ದವು, ಕೆಲವು ಸಾಯುತ್ತಿದ್ದವು. ಮದುವೆಯಾಗದೆ ಹೆತ್ತವಳಿಗೆ ಆ ಕಾಲದಲ್ಲಿ ಕೆಲಸವೂ ಇಲ್ಲ, ಮಾನವೂ ಇಲ್ಲ. ಇತರರು ಆ ದಾರಿಯಲ್ಲಿ ನಡೆದು ದಾಟಿಹೋದರು. ಕೋರಮನಿಂದ ಹಾಗೆ ದಾಟಿಹೋಗುವುದಕ್ಕೆ ಆಗಲಿಲ್ಲ.

ಹದಿನೇಳು ವರುಷಗಳ ವರೆಗೆ ಅವನು ದೊಡ್ಡವರ ಬಾಗಲುಗಳನ್ನು ತಟ್ಟಿದನು. ಇಂಥ ಶಿಶುಗಳನ್ನು ಸಾಕಿದರೆ ಪಾಪಕ್ಕೆ ಆಶ್ರಯ ಕೊಟ್ಟಂತಾಗುವದೆಂದು ಅನೇಕರು ಅವನನ್ನು ಬರಿಗೈಯಲ್ಲಿ ಕಳುಹಿಸಿದರು. ಕಡೆಗೆ ಅವನು ಸ್ತ್ರೀಯರ ಕಡೆಗೆ ತಿರುಗಿದನು. ೧೭೨೯ರಲ್ಲಿ ಸಾಮರ್ಸೆಟ್ ಪ್ರಭುವಿನ ಪತ್ನಿಯು ಅವನ ಮನವಿಗೆ ಮೊದಲು ರುಜು ಹಾಕಿದಳು. ಅವಳ ಹಿಂದೆ ಬೇರೆ ಕುಲೀನ ಸ್ತ್ರೀಯರೂ ಬಂದು ಒಟ್ಟು ೨೧ ಮಂದಿಯಾದರು. ೧೭೩೯ನೆಯ ಅಕ್ಟೋಬರ್ ೧೭ರಂದು ಎರಡನೆಯ ಜಾರ್ಜ್ ಅರಸನು ಸನ್ನದನ್ನು ದಯಪಾಲಿಸಿದನು. ಆಗ ಕೋರಮನಿಗೆ ಎಪ್ಪತ್ತು ವರುಷ ದಾಟಿತ್ತು. ಮುಂದಿನ ವರುಷ ಯೂನಿಸಳು ನಿದ್ರೆಹೋದಳು. ಆಲಯದ ಬಾಗಲು ತೆರೆದದ್ದನ್ನು ಅವಳು ಕಾಣಲಿಲ್ಲ.

೧೭೪೧ನೆಯ ಮಾರ್ಚ್ ೨೫ರ ರಾತ್ರಿ ಬಾಗಲು ತೆರೆಯಿತು. ಬರುವ ತಾಯಂದಿರ ಮುಖವನ್ನು ಯಾರೂ ಗುರುತಿಸದಂತೆ ಬಾಗಲಿನ ದೀಪವನ್ನು ಆರಿಸಿದ್ದರು. ಆ ರಾತ್ರಿ ೩೦ ಶಿಶುಗಳಿಗೆ ಸ್ಥಳ ದೊರೆಯಿತು. ಉಳಿದ ತಾಯಂದಿರು ತಮ್ಮ ಶಿಶುಗಳನ್ನು ಎತ್ತಿಕೊಂಡು ಅಳುತ್ತಾ ಹಿಂದಿರುಗಿದರು. ಮೊದಲು ದೀಕ್ಷಾಸ್ನಾನ ಹೊಂದಿದ ಗಂಡುಮಗುವಿಗೆ ಥಾಮಸ್ ಕೋರಮ್ ಎಂದೂ ಹೆಣ್ಣುಮಗುವಿಗೆ ಯೂನಿಸ್ ಕೋರಮ್ ಎಂದೂ ಹೆಸರಿಟ್ಟರು. ಮುಂದೆ ಜನಸಂದಣಿಯು ಹೆಚ್ಚಲಾಗಿ, ತಾಯಂದಿರು ಚೀಲದೊಳಗೆ ಕೈಹಾಕಿ ಉಂಡೆ ತೆಗೆಯಬೇಕಾಯಿತು. ಬಿಳಿಯದು ಬಂದರೆ ಶಿಶುವಿಗೆ ಸ್ಥಳ; ಕೆಂಪಾದರೆ ಕಾಯಬೇಕು; ಕಪ್ಪಾದರೆ ಹೊರಟುಹೋಗಬೇಕು.

ಪ್ರತಿ ಶಿಶುವಿಗೂ ಹೊಸ ಹೆಸರು ಕೊಡುತ್ತಿದ್ದರು. ಆದರೆ ತಾಯಿಯು ಯಾವದಾದರೂ ಒಂದು ಗುರುತನ್ನು ಬಿಟ್ಟುಹೋಗಬಹುದಾಗಿತ್ತು: ಮುರಿದ ನಾಣ್ಯದ ಅರ್ಧ, ಒಂದು ಪಟ್ಟಿ, ಅಂಗಿಯ ತೋಳಿನ ತುಂಡು. ಅದನ್ನು ಶಿಶುವಿನ ಸಂಖ್ಯೆಯ ಚೀಟಿಯೊಡನೆ ಮಡಿಸಿ ಮುದ್ರೆ ಹಾಕಿ ಇಡುತ್ತಿದ್ದರು. ತಾಯಿಗೆ ಒಳ್ಳೇ ದಿನ ಬಂದರೆ ಆ ಗುರುತನ್ನು ಹೇಳಿ ಮಗುವನ್ನು ಬಿಡಿಸಿಕೊಳ್ಳಬಹುದು. ಇಂಥ ಬಟ್ಟೆಯ ತುಂಡುಗಳು ಸುಮಾರು ೫,೦೦೦ ಇಂದಿಗೂ ಲಂಡನಿನಲ್ಲಿ ಉಳಿದಿವೆ. ಆದರೆ ೧೭೪೧ರಿಂದ ೧೭೬೦ರ ವರೆಗೆ ಸೇರಿದ ೧೬,೨೮೨ ಶಿಶುಗಳಲ್ಲಿ ತಾಯಿತಂದೆಗಳ ಕೈಗೆ ಹಿಂದಿರುಗಿದವರು ೧೫೨ ಮಂದಿ ಮಾತ್ರವೇ. ಬಹಳ ಶಿಶುಗಳು ಬೇಗನೆ ಸತ್ತುಹೋದವು.

ಬದುಕಿದವರಿಗೂ ಇನ್ನೊಂದು ದುಃಖವಿತ್ತು. ಶಿಶುಗಳನ್ನು ಹಳ್ಳಿಯ ದಾದಿಯರ ಬಳಿಗೆ ಕಳುಹಿಸಿ, ಸುಮಾರು ಐದು ವರುಷವಾದ ಮೇಲೆ ಪಟ್ಟಣದ ಆಲಯಕ್ಕೆ ಕರತರುತ್ತಿದ್ದರು. ಹೀಗೆ ಮಗುವು ಎರಡನೆಯ ಸಾರಿ ತಾಯಿಯನ್ನು ಕಳಕೊಂಡಿತು. ೧೭೪೬ರಲ್ಲಿ ಹೋಗಾರ್ತನೆಂಬ ಚಿತ್ರಕಾರನು ಆಲಯಕ್ಕೆ ಕೊಟ್ಟ ಚಿತ್ರದಲ್ಲಿ, ಫರೋಹನ ಕುಮಾರ್ತೆಯು ಕೈಚಾಚಿದ್ದರೂ ಬಾಲಕನಾದ ಮೋಶೆಯು ದಾದಿಯಾಗಿ ನಿಂತ ಹೆತ್ತ ತಾಯಿಯ ಸೆರಗನ್ನು ಬಿಡಲೊಲ್ಲದೆ ಹಿಡಿದಿದ್ದಾನೆ.

ಕೋರಮನು ಮುಚ್ಚುಮರೆಯಿಲ್ಲದೆ ಮಾತಾಡುವವನಾದದರಿಂದ ೧೭೪೨ರಲ್ಲಿ ಆಡಳಿತ ಮಂಡಲಿಯವರು ಅವನನ್ನು ಹೊರಗಿಟ್ಟರು. ಆದಾಗ್ಯೂ ಅವನು ಮಕ್ಕಳನ್ನು ಬಿಡಲಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ಶಿಶುಗಳ ದೀಕ್ಷಾಸ್ನಾನದಲ್ಲಿ ಧರ್ಮಪಿತನಾಗಿ ನಿಂತನು. ತನಗೆಂದು ಏನನ್ನೂ ಕೂಡಿಸಿಡದ ಈ ವೃದ್ಧನನ್ನು ಕಡೆಗಾಲದಲ್ಲಿ ಸ್ನೇಹಿತರು ಚಂದಾ ಎತ್ತಿ ಪೋಷಿಸಿದರು. ೧೭೫೧ನೆಯ ಮಾರ್ಚ್ ೨೯ರಂದು ಅವನು ತೀರಿಕೊಂಡನು. ಅವನನ್ನು ಆ ಆಲಯದ ದೇವಸ್ಥಾನದಲ್ಲಿಯೇ ಹೂಣಿಟ್ಟರು.

ಬಹುಕಾಲದ ಮೇಲೆ ಇಂಗ್ಲೆಂಡಿನಲ್ಲಿ ೧೯೨೬ರ ಕಾನೂನು ದತ್ತು ಸ್ವೀಕಾರಕ್ಕೆ ನ್ಯಾಯಸ್ಥಾನದ ಆಧಾರ ಕೊಟ್ಟಿತು. ೧೯೭೫ರ ಕಾನೂನು, ದತ್ತುಮಕ್ಕಳು ಪ್ರಾಯಕ್ಕೆ ಬಂದ ಮೇಲೆ ತಮ್ಮ ಮೊದಲನೆಯ ಜನನಪತ್ರವನ್ನು ಕಾಣುವ ಹಕ್ಕನ್ನು ಕೊಟ್ಟಿತು. ಮುದ್ರೆ ಹಾಕಿಟ್ಟ ಗುರುತು ಹೀಗೆ ಮಗುವಿನ ಕೈಸೇರಿತು. ಕೋರಮನ ಹೆಸರಿನ ಸಂಸ್ಥೆಯು ಇಂದಿಗೂ ಮಕ್ಕಳಿಗೆ ಮನೆಗಳನ್ನು ಹುಡುಕಿ ಕೊಡುತ್ತಿದೆ.

ಪ್ರಿಯರೇ, ಮಗುವನ್ನು ಮನೆಗೆ ತಂದ ದಿನವೇ ಆ ಕೆಲಸವು ತೀರಿಹೋಗುವದಿಲ್ಲ. ನಿಮ್ಮಲ್ಲಿ ಯಾರಾದರೂ ಅನ್ಯರ ಮಗುವನ್ನು ಸ್ವಂತದ್ದಾಗಿ ಸಾಕುತ್ತಿದ್ದರೆ, ಅದನ್ನು ಹೆತ್ತವಳ ವಿಷಯವಾಗಿ ಕೆಟ್ಟ ಮಾತಾಡಬೇಡಿರಿ. ಅವಳು ಬಿಟ್ಟುಹೋದದ್ದು ಒಂದು ಚಿಂದಿಯಾಗಿದ್ದರೂ ಜೋಪಾನವಾಗಿಡಿರಿ. ಬೆಳೆದ ಮಗನು ತನ್ನ ತಾಯಿ ಯಾರೆಂದು ಕೇಳಿದರೆ ಅದು ಕೃತಘ್ನತೆಯಲ್ಲ. ಮಗುವನ್ನು ಬಿಟ್ಟುಕೊಟ್ಟ ಹೆಂಗಸು ನಿಮ್ಮ ಊರಿನಲ್ಲಿದ್ದರೆ ಅವಳ ಕಡೆಗೆ ಬೆರಳು ತೋರಿಸಬೇಡಿರಿ. ಆ ಬಾಗಲಿನ ದೀಪವನ್ನು ಆರಿಸಿದವರು ಇಷ್ಟು ದಯೆಯನ್ನಾದರೂ ಬಲ್ಲವರಾಗಿದ್ದರು.